ತೋರಿಸ್ತೀನಿ, ಕೊಡಲ್ಲ

2017ರ ಆಗಸ್ಟ್ 24ರ ಗುರುವಾರ, ದೇಶದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದ ತೀರ್ಪು ನೀಡಿತು. ಅಂದು ಗೌರಿ ಹಬ್ಬ. ಸುದ್ದಿಮನೆಯಲ್ಲಿ ಅರ್ಧಕ್ಕರ್ಧ ಕುರ್ಚಿಗಳು ಖಾಲಿ ಇದ್ದುದರಿಂದ ಮುಖಪುಟ ನನ್ನ ಮೇಜಿಗೆ ಬಂತು. ತೀರ್ಪಿನ ಪಕ್ಕದಲ್ಲಿ ‘ಆಧಾರ್ ಗತಿ ಏನು?’ ಎಂಬ ಚಿಕ್ಕ ಬಾಕ್ಸ್ ಹಾಕಿದೆ. ಉತ್ತರ ಒಂದೇ ಸಾಲು: ಅದನ್ನು ಬೇರೊಂದು ಪೀಠ ತೀರ್ಮಾನಿಸಲಿದೆ. ಮರುವರ್ಷ ಸೆಪ್ಟೆಂಬರಿನಲ್ಲಿ ಆ ತೀರ್ಮಾನವೂ ಬಂತು. ಆಧಾರ್ ಕಾನೂನು ಉಳಿಯಿತು. ಖಾಸಗಿ ಕಂಪನಿಗಳು ಅದನ್ನು ಬಳಸಲು ಇದ್ದ ಅವಕಾಶ ಬಿದ್ದುಹೋಯಿತು. ಆ ದಿನವೂ ಪುಟ ನೋಡಿದ್ದು ನಾನೇ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈ ವರ್ಷ ಜನವರಿಯ ಮೊದಲ ವಾರ ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕ ಅಂಟಿಸಿದ ಸುತ್ತೋಲೆಯನ್ನು ಬರೆದುಕೊಟ್ಟವನೂ ನಾನೇ. ಒಂಬತ್ತು ಸಾಲು. ಒಂದು ಅಕ್ಷರ ತಪ್ಪಿರಲಿಲ್ಲ. ‘ಮನೆಗೆಲಸದವರು, ಅಡುಗೆಯವರು, ಕಾರು ತೊಳೆಯುವವರು ಮುಂತಾಗಿ ಪ್ರತಿದಿನ ಒಳಬರುವ ಎಲ್ಲರೂ ಶನಿವಾರದೊಳಗೆ ಗೇಟಿನ ಯಂತ್ರಕ್ಕೆ ಹೆಬ್ಬೆರಳು ಕೊಡಬೇಕು ಮತ್ತು ಆಧಾರ್ ಪ್ರತಿಯನ್ನು ಕಚೇರಿಗೆ ಸಲ್ಲಿಸಬೇಕು. ತಪ್ಪಿದಲ್ಲಿ ಸೋಮವಾರದಿಂದ ಪ್ರವೇಶವಿಲ್ಲ.’ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಓದಿ, “ಏನ್ ಸಾರ್, ಗೆಜೆಟ್ ಇದ್ದಂಗಿದೆ” ಅಂದರು. ನಾನು ಸಂತೋಷಪಟ್ಟೆ.

ಸುತ್ತೋಲೆಗೆ ಕಾರಣ ಒಂದು ಜೊತೆ ಬೂಟು. ಮೂರನೇ ಮಹಡಿಯ ಸಾಫ್ಟ್‌ವೇರ್ ಹೆಣ್ಣುಮಗಳು ಬಾಗಿಲ ಹೊರಗೆ ಬಿಟ್ಟಿದ್ದ ಹೊಸ ಓಟದ ಬೂಟು ಕಾಣೆಯಾಯಿತು. ಎರಡು ದಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೇರೆ ಮಾತೇ ಇರಲಿಲ್ಲ. ಮೂರನೇ ದಿನ ತುರ್ತು ಸಮಿತಿ ಸಭೆ ಸೇರಿ ಹೆಬ್ಬೆರಳಿನ ಯಂತ್ರ ತರಿಸಿದ್ದಾಯಿತು. ಐದನೇ ದಿನ ಆ ಬೂಟು ಅವರದೇ ಕಾರಿನ ಡಿಕ್ಕಿಯಲ್ಲಿ ಸಿಕ್ಕಿತು. ಯಂತ್ರ ಆಗಲೇ ಗೋಡೆಗೆ ಏರಿತ್ತು, ಸುತ್ತೋಲೆ ಆಗಲೇ ಹೊರಟಿತ್ತು.

ನಮ್ಮ ಕಾರ್ಯದರ್ಶಿಗಳು ಬ್ಯಾಂಕಿನಿಂದ ನಿವೃತ್ತರಾದವರು. ಎರಡು ಹೊತ್ತೂ ಪಂಪ್ ಚಾಲೂ ಆಯಿತೇ ಎಂದು ಇಳಿದು ನೋಡುತ್ತಾರೆ. ಅಂಥವರು ಸಿಗುವುದು ಕಷ್ಟ. ಅವರಿಗೆ ಇರುವ ಒಂದೇ ಚಟವೆಂದರೆ ಒಂದು ಬದಿ ಖಾಲಿ ಇರುವ ಹಾಳೆ. ಅದನ್ನು ಎಸೆಯುವುದೆಂದರೆ ಅವರಿಗೆ ಅನ್ನ ಚೆಲ್ಲಿದಂತೆ. ಕರೆಂಟ್ ಬಿಲ್ಲಿನ ಬೆನ್ನಿಗೆ ಫೋನ್ ನಂಬರು, ಮದುವೆ ಕಾಗದದ ಬೆನ್ನಿಗೆ ದಿನಸಿ ಪಟ್ಟಿ. ಕಚೇರಿಯ ಮೇಜಿನ ಮೇಲೆ ಇದಕ್ಕೆಂದೇ ಒಂದು ಟ್ರೇ ಇದೆ. ನಾನು ನಗುವ ಹಾಗಿಲ್ಲ. ಟೆಲಿಪ್ರಿಂಟರ್ ಹಾಳೆಗಳ ಬೆನ್ನಿನ ಮೇಲೆ ಹತ್ತು ವರ್ಷ ಸುದ್ದಿ ಬರೆದವನು ನಾನು.

ಇನ್ನು ಅಡುಗೆಯಮ್ಮನ ವಿಷಯ. ಏಳು ವರ್ಷದಿಂದ ನಮ್ಮ ಕಟ್ಟಡದ ನಾಲ್ಕು ಮನೆಗಳಲ್ಲಿ ಅಡುಗೆ ಮಾಡುತ್ತಾರೆ: ನಮ್ಮ ಮನೆ, ಕಾರ್ಯದರ್ಶಿಗಳ ಮನೆ, ಬೂಟಿನ ಮನೆ, ಎರಡನೇ ಮಹಡಿಯ ಮೂಲೆ ಮನೆ. ಬೆಳಿಗ್ಗೆ ಹುಳಿಮಾವಿನಿಂದ ಬಸ್ಸಿನಲ್ಲಿ ಬರುತ್ತಾರೆ. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಆಧಾರ್ ಕಾರ್ಡು ಪ್ಲಾಸ್ಟಿಕ್ ಕವರಿನೊಳಗೆ ಅವರ ಸೊಂಟದ ಚೀಲದಲ್ಲೇ ಇರುತ್ತದೆ. ನಾಲ್ಕೂ ಮನೆ ಒಂದೇ ಗೇಟಿನೊಳಗೆ ಇರುವುದರಿಂದ, ಗೇಟು ಮುಚ್ಚಿದರೆ ಅವರ ಅಷ್ಟೂ ಕೆಲಸ ಒಂದೇ ಸಲಕ್ಕೆ ಮುಚ್ಚಿದ ಹಾಗೆ.

ಮೊದಲು ಹೆಬ್ಬೆರಳಿನ ಕೆಲಸ. ಗುರುವಾರ ಬೆಳಿಗ್ಗೆ ನಾನು ಪೇಪರ್ ತರಲು ಕೆಳಗಿಳಿದಾಗ ಆಕೆ ಯಂತ್ರದ ಮುಂದೆ ನಿಂತಿದ್ದರು. ನಮ್ಮ ಗಾರ್ಡ್ ಚಿಂತಾಮಣಿ ಕಡೆಯ ವಯಸ್ಸಾದ ಮನುಷ್ಯ. ಹೊಸ ಯಂತ್ರದ ಉಸ್ತುವಾರಿ ಸಿಕ್ಕಿದ ಖುಷಿಯಲ್ಲಿದ್ದರು. ಆಕೆ ಬೆರಳಿಟ್ಟರು. ಯಂತ್ರ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಪ್ರಯತ್ನಿಸಲು ಹೇಳಿತು. ಸೆರಗಿಗೆ ಒರೆಸಿ ಇಟ್ಟರು. ಇನ್ನೊಮ್ಮೆ. ಎಡಗೈ ಇಟ್ಟರು. ಇನ್ನೊಮ್ಮೆ.

“ಏನಮ್ಮೋ, ನಿನ್ ಬೆಳ್ಳು ಸವ್ದೋಗೈತಾ?” ಎಂದರು ಗಾರ್ಡ್.

“ಸವ್ದಿಲ್ಲಣ್ಣ. ಅವರೆಕಾಯಿ ಸೀಸನ್ನು. ಸಂಕ್ರಾಂತಿ ಕಳೀಲಿ, ಬೆಳ್ಳು ವಾಪಸ್ ಬರುತ್ತೆ.”

ಅದು ತಮಾಷೆಯ ಮಾತಲ್ಲ. ಡಿಸೆಂಬರ್, ಜನವರಿಯಲ್ಲಿ ದಕ್ಷಿಣ ಬೆಂಗಳೂರಿನ ಯಾವ ಅಡುಗೆಮನೆಗೆ ಹೋದರೂ ಒಂದು ಪಾತ್ರೆಯಲ್ಲಿ ಅವರೆಕಾಳು ನೆನೆದಿರುತ್ತದೆ. ನೆನೆದ ಕಾಳನ್ನು ಒಂದೊಂದಾಗಿ ಎರಡು ಬೆರಳಿನ ನಡುವೆ ಹಿಡಿದು ಹಿತುಕಿ, ಸಿಪ್ಪೆಯಿಂದ ಬೇಳೆ ಹಾರಿಸಬೇಕು. ನಾಲ್ಕು ಮನೆಯ ಹಿತಕಿದ ಬೇಳೆ ಎಂದರೆ ದಿನಕ್ಕೆ ಎರಡು ಗಂಟೆ ನೀರಿನಲ್ಲಿ ಬೆರಳು. ತುದಿ ಸುಕ್ಕುಗಟ್ಟಿ, ಸಿಪ್ಪೆಯ ಕಂದು ಹಿಡಿದು, ಗೆರೆಗಳೆಲ್ಲ ಕಲಸಿಹೋಗಿರುತ್ತವೆ. ರೇಷನ್ ಅಂಗಡಿಯಲ್ಲೂ ಇದೇ ಪಾಡಂತೆ. ಜನವರಿ ತಿಂಗಳು ಬೆರಳೊತ್ತಲು ಮಗಳನ್ನು ಕಳಿಸುತ್ತಾರೆ.

ಕಾರ್ಯದರ್ಶಿಗಳು ಅದಕ್ಕೂ ಪರಿಹಾರ ಹೇಳಿದರು. “ಥಂಬ್ ಆಮೇಲೆ ನೋಡ್ಕೊಳ್ಳೋಣಮ್ಮ. ಜೆರಾಕ್ಸ್ ಕೊಟ್ಬಿಡು, ಸಾಕು.”

ಆಕೆ ಒಪ್ಪಿದರು. ಇದು ಮುಖ್ಯ: ಆಕೆ ಮೊದಲು ಒಪ್ಪಿದ್ದರು. ಶುಕ್ರವಾರ ಬಸ್ ಸ್ಟಾಪಿನ ಎದುರಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ, ಮಡಿಸದೆ ಕೈಯಲ್ಲಿ ಹಿಡಿದುಕೊಂಡೇ ಬಂದರು. ಹತ್ತು ನಿಮಿಷದ ನಂತರ ನಮ್ಮ ಅಡುಗೆಮನೆಗೆ ಬಂದಾಗಲೂ ಅದು ಕೈಯಲ್ಲೇ ಇತ್ತು.

“ಆಂಟಿ, ಸಾರ್‌ನ ಸ್ವಲ್ಪ ಕೆಳಗೆ ಕಳಿಸಿ. ಗಾಜಿನ ಬಾಗ್ಲಲ್ಲಿ ನೋಟಿಸ್ ಹಾಕವ್ರಲ್ಲ, ಅದನ್ನ ಓದ್ಲಿ.”

“ಅದೇ, ನಾಳೆ ಟ್ಯಾಂಕ್ ತೊಳೀತಾರೆ, ನೀರು ಬರಲ್ಲ ಅಂತ ತಾನೆ?” ಎಂದಳು ನನ್ನ ಹೆಂಡತಿ.

“ಅದು ಹೊರಗಡೆಯಿಂದ. ಒಳಗಡೆಯಿಂದ ಓದ್ಲಿ.”

ನಾನು ಇಳಿದೆ. ನಮ್ಮ ಕಟ್ಟಡದ ಮುಂಬಾಗಿಲು ಗಾಜಿನದು. ಹೊರಗಿನಿಂದ ಬರುವವರಿಗೆ ಕಾಣುವಂತೆ ಕಾರ್ಯದರ್ಶಿಗಳ ದುಂಡು ಅಕ್ಷರದಲ್ಲಿ ನೀರಿನ ನೋಟಿಸು. ಲಿಫ್ಟಿಗೆ ಕಾಯುತ್ತ ಒಳಗೆ ನಿಂತವರಿಗೆ ಕಾಣುವುದು ಆ ಹಾಳೆಯ ಬೆನ್ನು. ಅಲ್ಲಿ ನಮ್ಮ ಮೆಟ್ಟಿಲು ಗುಡಿಸುವ ಹೆಂಗಸಿನ ಮುಖ ಇತ್ತು. ಹೆಸರು, ಹುಟ್ಟಿದ ವರ್ಷ, ಗಂಡನ ಹೆಸರು, ಮನೆಯ ಅಡ್ಡರಸ್ತೆ, ಹನ್ನೆರಡು ಅಂಕಿ. ಬೆಳಗಿನ ಬಿಸಿಲು ನೇರವಾಗಿ ಬಿದ್ದು ಎಲ್ಲವೂ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಹಿಂದಿನ ದಿನದಿಂದ ಹಾಗೇ ಇತ್ತು. ನಾನು ಅದರ ಮುಂದೆ ಕನಿಷ್ಠ ಆರು ಸಲ ಓಡಾಡಿದ್ದೆ.

ಹಾಳೆ ಬಿಚ್ಚಿಕೊಂಡು ಕಾರ್ಯದರ್ಶಿಗಳ ಮನೆಗೆ ಹೋದೆ. ಅವರು ತಿರುಗಿಸಿ ನೋಡಿದರು. ಮುಖ ಸ್ವಲ್ಪ ಸಣ್ಣದಾಯಿತು, ಆದರೂ ಬಿಟ್ಟುಕೊಡಲಿಲ್ಲ.

“ಫೋನಲ್ಲಿ ಎಲ್ಲಾರ್ದೂ ಫೋಟೋ ಹೊಡ್ಕೊಂಡಿದ್ದೀನಿ ಸಾರ್. ರೆಕಾರ್ಡ್ ಸೇಫಾಗಿದೆ. ಪೇಪರ್ ವೇಸ್ಟ್ ಆಗುತ್ತಲ್ಲ ಅಂತ ಟ್ರೇಗೆ ಹಾಕಿದ್ದೆ.”

“ಇನ್ನೂ ಎಷ್ಟು ಹಾಕಿದ್ದೀರಿ?”

“ನಾಲ್ಕೈದು ಇರ್ಬೋದು. ನೋಟಿಸ್‌ಗಳಿಗೆ ಬೇಕಾಯ್ತು.”

ಮೇಲೆ ಬಂದು ಅಡುಗೆಯಮ್ಮನಿಗೆ ನಡೆದದ್ದನ್ನು ಹೇಳಿದೆ. ಆಕೆ ಒಗ್ಗರಣೆ ಮುಗಿಸಿ, ಗ್ಯಾಸ್ ಆರಿಸಿ, ಕಟ್ಟೆಯ ಮೇಲೆ ಇಟ್ಟಿದ್ದ ಜೆರಾಕ್ಸನ್ನು ನಾಲ್ಕಾಗಿ ಹರಿದು ಚೀಲಕ್ಕೆ ಹಾಕಿಕೊಂಡರು.

“ತೋರಿಸ್ತೀನಿ ಸಾರ್, ಕೊಡಲ್ಲ. ಬಸ್ಸಲ್ಲಿ ದಿನಾ ತೋರಿಸ್ತೀನಿ. ಕಂಡಕ್ಟರ್ ನೋಡ್ತಾನೆ, ಟಿಕೆಟ್ ಕೊಡ್ತಾನೆ, ಕಾರ್ಡ್ ನನ್ ಕೈಯಲ್ಲೇ ಇರುತ್ತೆ. ಅವನೇನು ಜೆರಾಕ್ಸ್ ಕೇಳ್ತಾನಾ?”

“ಸೋಮವಾರದಿಂದ ಒಳಗೆ ಬಿಡಲ್ಲ ಅಂತ ಬರೆದಿದೆ,” ಎಂದೆ.

“ಬರ್ದಿರೋದು ನೀವೇ ಅಂತೆ? ಗಾರ್ಡ್ ಅಣ್ಣ ಹೇಳ್ತಿದ್ರು. ಅಕ್ಷರ ಚೆನ್ನಾಗಿದೆಯಂತೆ.”

ನನ್ನ ಹೆಂಡತಿ ಹುರುಳಿಕಾಯಿ ಸೋಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಮೂವತ್ತಮೂರು ವರ್ಷ ಇನ್ನೊಬ್ಬರ ಬರಹದಲ್ಲಿ ತಪ್ಪು ಹುಡುಕಿದವನಿಗೆ ಆ ನೋಟ ಹೊಸದು.

ಸೋಮವಾರ ಬೆಳಿಗ್ಗೆ ಗೇಟು ನಿಜವಾಗಿ ಮುಚ್ಚಿತು. ನಾನು ಬಾಲ್ಕನಿಯಲ್ಲಿ ನಿಂತು ನೋಡಿದೆ. ಆಕೆ ಕಾರ್ಡನ್ನು ಗಾರ್ಡ್ ಕಣ್ಣೆದುರು ಹಿಡಿದರು.

“ನೋಡಣ್ಣ, ನಾನೇ. ಫೋಟೋ ಚೆನ್ನಾಗಿಲ್ಲ, ಆದ್ರೂ ನಾನೇ.”

“ನೀನೇ ಅಂತ ನಂಗೊತ್ತಿಲ್ವೇನಮ್ಮ? ಏಳ್ ವರ್ಷದಿಂದ ನೋಡ್ತಾ ಇವ್ನಿ. ಏನ್ ಮಾಡ್ಲಿ, ಸೆಕ್ರೆಟ್ರಿ ಸಾರ್ ಹೇಳವ್ರೆ. ಪೇಪರ್ ಬೇಕಂತೆ.”

“ಪೇಪರ್ ಮೇಲೆ ಟ್ಯಾಂಕ್ ತೊಳೀತೀವಿ ಅಂತ ಬರೀತಾರಣ್ಣ.”

“ಅದೂ ಕೇಳ್ದೆ.”

ಇಬ್ಬರೂ ನಕ್ಕರು. ಆಕೆ ವಾಪಸು ಹೋದರು. ಅಂದು ನಾಲ್ಕು ಮನೆಗಳಲ್ಲಿ ಚಿತ್ರಾನ್ನವಾಯಿತು. ಮಂಗಳವಾರ ಮೂರು ಮನೆಗಳಲ್ಲಿ ಚಿತ್ರಾನ್ನ, ಬೂಟಿನ ಮನೆಗೆ ಡೆಲಿವರಿ. ಡೆಲಿವರಿಯವರಿಗೆ ಹೆಬ್ಬೆರಳೂ ಇಲ್ಲ, ಆಧಾರೂ ಇಲ್ಲ, ಕೆಂಪು ಟೀ ಶರ್ಟ್ ಇದ್ದರೆ ಗೇಟು ತಾನಾಗಿ ತೆರೆಯುತ್ತದೆ. ಕಾರ್ಯದರ್ಶಿಗಳ ಮನೆಯ ಪರಿಸ್ಥಿತಿ ಇನ್ನೂ ಬಿಗಡಾಯಿಸಿತ್ತು. ಸಂಕ್ರಾಂತಿಗೆ ನೆಂಟರು ಬರುವವರಿದ್ದರು, ಮೂರು ಕಿಲೋ ಅವರೆಕಾಳು ಬಂದುಬಿಟ್ಟಿತ್ತು. ಕಾಳು ನೆನೆಹಾಕಿದ ಮೇಲೆ ಯಾರಾದರೂ ಹಿತುಕಲೇಬೇಕು. ಅವರ ಮನೆಯಾಕೆಗೆ ಮಣಿಕಟ್ಟಿನ ನೋವು. ಹಬ್ಬದ ಹಿಂದಿನ ದಿನದಿಂದ ಭಾನುವಾರದವರೆಗೂ ಕಾರ್ಯದರ್ಶಿಗಳೇ ಟೀವಿಯ ಮುಂದೆ ಬೇಸಿನ್ ಇಟ್ಟುಕೊಂಡು ಕೂತರಂತೆ. ಈ ಮಾಹಿತಿಯ ಮೂಲ ನನ್ನ ಹೆಂಡತಿ, ಆಕೆಯ ಮೂಲ ಅವರ ಮನೆಯಾಕೆ. ಎರಡು ಮೂಲಗಳೂ ಸ್ವತಂತ್ರವಲ್ಲ, ಆದರೆ ಮುಂದೆ ನಡೆದದ್ದರಿಂದ ಖಚಿತವಾಯಿತು.

ಹಬ್ಬದ ದಿನ ಎಳ್ಳುಬೆಲ್ಲ ಹಿಡಿದುಕೊಂಡು ನಾನೂ ನನ್ನ ಹೆಂಡತಿಯೂ ಹುಳಿಮಾವಿಗೆ ಹೋದೆವು. ಅಡುಗೆಯಮ್ಮನ ಮನೆ ಕೆರೆಯಿಂದ ಎರಡು ಅಡ್ಡರಸ್ತೆ ಒಳಗೆ, ಮೊದಲನೇ ಮಹಡಿ. ಏಳು ವರ್ಷದಲ್ಲಿ ಅದು ನಮ್ಮ ಮೊದಲ ಭೇಟಿ. ಮೆಟ್ಟಿಲು ಹತ್ತುವಾಗ ನನಗೆ ಆಕೆಯ ಊರು, ಗಂಡ ಏನು ಕೆಲಸ ಮಾಡುತ್ತಿದ್ದರು, ಮಗಳು ಏನು ಓದುತ್ತಾಳೆ ಯಾವುದೂ ಸರಿಯಾಗಿ ತಿಳಿಯದು ಎಂಬುದು ಗೊತ್ತಾಯಿತು. ಅದನ್ನೆಲ್ಲ ಆಕೆ ಆಗಲೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಕಬ್ಬು ಕೊಟ್ಟರು, ಕೋಸಂಬರಿ ಕೊಟ್ಟರು.

“ಭಾನುವಾರ ಮೀಟಿಂಗಿದೆ, ಬಂದು ನೀನೇ ಹೇಳು,” ಎಂದಳು ಹೆಂಡತಿ.

“ಗೇಟಲ್ಲಿ ಬಿಡಲ್ವಲ್ಲ ಆಂಟಿ.”

“ಕೆಲಸಕ್ಕೆ ಬಂದ್ರೆ ಬಿಡಲ್ಲ. ನಮ್ಮನೆಗೆ ಗೆಸ್ಟ್ ಆಗಿ ಬಾ. ಗೆಸ್ಟ್‌ಗೆ ಏನೂ ಕೇಳಲ್ಲ. ಇವರು ಬರೆದಿರೋ ನೋಟಿಸಲ್ಲಿ ಗೆಸ್ಟ್ ಅನ್ನೋ ಪದಾನೇ ಇಲ್ಲ.”

ನಾನು ಮನಸ್ಸಿನಲ್ಲೇ ಒಂಬತ್ತು ಸಾಲುಗಳನ್ನು ಓದಿಕೊಂಡೆ. ನಿಜ, ಇರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಆಕೆ ರೇಷ್ಮೆಯಂಚಿನ ಸೀರೆಯುಟ್ಟು, ಒಂದು ಸ್ಟೀಲ್ ಡಬ್ಬಿ ಹಿಡಿದು ಗೇಟಿಗೆ ಬಂದರು. ಗಾರ್ಡ್ ರಿಜಿಸ್ಟರ್ ತೆರೆದರು.

“ಏನಂತ ಬರ್ಕೊಳ್ಲಿ?”

“ಗೆಸ್ಟ್ ಅಂತ ಬರ್ಕೊಳಣ್ಣ. ದಪ್ಪಕ್ಷರದಲ್ಲಿ.”

ಸಭೆ ನಡೆಯುವುದು ಬೇಸ್‌ಮೆಂಟಿನ ಪಾರ್ಕಿಂಗ್‌ನಲ್ಲಿ. ಪ್ಲಾಸ್ಟಿಕ್ ಕುರ್ಚಿ, ಕಂಬಕ್ಕೆ ಒರಗಿಸಿದ ಒಂದು ಬೋರ್ಡು. ಮೂವತ್ತು ಜನ ಸೇರಿದ್ದರು. ನಡಾವಳಿ ಬರೆಯುವುದು ನನ್ನ ಕೆಲಸ. ನೋಟ್‌ಬುಕ್ ತೊಡೆಯ ಮೇಲಿತ್ತು.

ಕಾರ್ಯದರ್ಶಿಗಳು ಎದ್ದುನಿಂತು ಗಾಜಿನ ಬಾಗಿಲಿನ ವಿಷಯವನ್ನು ತಾವೇ ಹೇಳಿದರು. ಮುಚ್ಚಿಡಲಿಲ್ಲ. ಅಷ್ಟರಲ್ಲಿ ಅವರ ಕಣ್ಣು ನನ್ನ ಹೆಂಡತಿಯ ಪಕ್ಕದ ಕುರ್ಚಿಗೆ ಹೋಯಿತು.

“ಇವ್ರು ಹೆಂಗೆ ಒಳಗೆ ಬಂದ್ರು?”

“ಗೆಸ್ಟ್ ಸಾರ್,” ಎಂದರು ಗಾರ್ಡ್ ದೂರದಿಂದ. “ಬುಕ್ಕಲ್ಲಿ ಐತೆ.”

ನಗು ನಿಂತ ಮೇಲೆ ಕಾರ್ಯದರ್ಶಿಗಳು ಸಮಾಧಾನದಿಂದಲೇ ಮಾತಾಡಿದರು. “ನೋಡಮ್ಮ, ಆಗಿದ್ದು ತಪ್ಪು. ಇನ್ಮೇಲೆ ಬೀರುಗೆ ಬೀಗ ಹಾಕಿಡ್ತೀವಿ. ಆದ್ರೆ ಕಾಪಿ ರೆಕಾರ್ಡಿಗೆ ಬೇಕಾಗುತ್ತೆ. ದಿನಾ ನಾಲ್ಕು ಮನೆಗೆ ಹೋಗೋರು ಯಾರು ಅಂತ ನಮಗೆ ಗೊತ್ತಿರ್ಬೇಕು ತಾನೆ?”

“ಗೊತ್ತಿರ್ಬೇಕು ಸಾರ್,” ಎಂದು ಅಡುಗೆಯಮ್ಮ ಎದ್ದರು. “ನಾನೂ ಅದನ್ನೇ ಯೋಚ್ನೆ ಮಾಡ್ದೆ. ದಿನಾ ನಾಲ್ಕು ಮನೆಗೆ ಒಬ್ಳೇ ಹೆಂಗಸು ಹೋಗ್ತೀನಿ. ಒಳಗಿರೋರು ಯಾರು ಅಂತ ನಂಗೂ ಗೊತ್ತಿರ್ಬೇಕಲ್ವಾ? ನೀವು ನಾಲ್ಕೂ ಮನೆಯೋರು ಒಂದೊಂದು ಜೆರಾಕ್ಸ್ ಕೊಡಿ. ನಾನೂ ಕೊಡ್ತೀನಿ. ಇಲ್ಲೇ, ಈಗ್ಲೇ.” ಚೀಲದಿಂದ ಒಂದು ಹೊಸ ಪ್ಲಾಸ್ಟಿಕ್ ಫೈಲು ತೆಗೆದರು. ಅದರ ಮೇಲೆ ಮಗಳ ಅಕ್ಷರದಲ್ಲಿ ‘ರೆಕಾರ್ಡ್’ ಎಂದು ಬರೆದಿತ್ತು.

ಮೊದಲು ಎಲ್ಲರೂ ನಕ್ಕರು. ಆಮೇಲೆ ಆಕೆ ಫೈಲು ತೆರೆದು ಹಿಡಿದೇ ನಿಂತಿರುವುದನ್ನು ನೋಡಿ ನಗು ಒಂದೊಂದೇ ಕುರ್ಚಿಯಿಂದ ಇಳಿಯಿತು.

“ಅದು ಹೆಂಗಾಗುತ್ತಮ್ಮ?” ಎಂದರು ಕಾರ್ಯದರ್ಶಿಗಳು. “ನನ್ ಆಧಾರು ಬ್ಯಾಂಕ್ ಅಕೌಂಟಿಗೆ ಲಿಂಕ್ ಆಗಿದೆ.”

“ಹುಟ್ಟಿದ ದಿನ, ಅಡ್ರೆಸ್ಸು ಎಲ್ಲಾ ಇರುತ್ತೆ. ಯಾರ್ ಕೈಗಾದ್ರೂ ಸಿಕ್ಕಿದ್ರೆ?” ಎಂದರು ಎರಡನೇ ಮಹಡಿಯ ಮೂಲೆ ಮನೆಯವರು.

ಬೂಟಿನ ಮನೆಯ ಹೆಣ್ಣುಮಗಳು, “ಅಕ್ಕಾ, ತಪ್ಪು ತಿಳ್ಕೋಬೇಡಿ. ನಾನು ಬಯೋಮೆಟ್ರಿಕ್ಕೇ ಲಾಕ್ ಮಾಡಿಟ್ಟಿದ್ದೀನಿ. ಹೋಟೆಲಲ್ಲೂ ಮೊದಲ ಎಂಟು ನಂಬರ್ ಮುಚ್ಚಿರೋ ಕಾಪಿನೇ ಕೊಡೋದು. ಪೂರ್ತಿದು ಯಾರಿಗೂ ಕೊಡಲ್ಲ,” ಎಂದರು.

“ನಿಮ್ದೇನು ಆಂಟಿ?” ಎಂದು ಅಡುಗೆಯಮ್ಮ ನನ್ನ ಹೆಂಡತಿಯ ಕಡೆ ತಿರುಗಿದರು.

“ಆ ಫೋಟೋ ನಾನು ಇವರಿಗೇ ತೋರಿಸಿಲ್ಲ ಕಣೆ,” ಎಂದಳು ನನ್ನ ಹೆಂಡತಿ. ಅದು ನಿಜ.

ನಾನು ಬರೆದುಕೊಳ್ಳುತ್ತಿದ್ದೆ. ನಮ್ಮ ಸಂಘದ ನಡಾವಳಿಯಲ್ಲಿ ಯಾರು ಏನೆಂದರು ಎಂದು ಹೆಸರು ಹಾಕುವ ಪದ್ಧತಿಯಿಲ್ಲ. ಹಾಕಿದರೆ ಮುಂದಿನ ತಿಂಗಳು ಜಗಳ. ಮಾತಿನ ಸಾರ ಮಾತ್ರ ದಾಖಲಿಸಿ, ಆಯಾ ವಿಷಯ ಮುಗಿದಾಗ ಓದಿ ಹೇಳಿ ಒಪ್ಪಿಗೆ ಪಡೆಯಬೇಕು. ಅದರಂತೆ ಓದಿದೆ:

“ಆಧಾರ್ ಪ್ರತಿ ಕೊಡುವ ವಿಷಯ. ಬ್ಯಾಂಕ್ ಖಾತೆಗೆ ಜೋಡಣೆಯಾಗಿರುವ ಕಾರಣ ಪ್ರತಿ ಕೊಡಲಾಗದು ಎಂಬ ಅಭಿಪ್ರಾಯ ಬಂತು. ಹುಟ್ಟಿದ ದಿನ, ವಿಳಾಸ ಅನ್ಯರ ಕೈ ಸೇರಬಹುದೆಂಬ ಆತಂಕ ವ್ಯಕ್ತವಾಯಿತು. ಪೂರ್ತಿ ಸಂಖ್ಯೆ ಯಾರಿಗೂ ಕೊಡುವುದಿಲ್ಲ ಎಂದು ತಿಳಿಸಲಾಯಿತು. ಭಾವಚಿತ್ರದ ಬಗ್ಗೆಯೂ ಆಕ್ಷೇಪವಿದೆ.”



“ಸಾರ್,” ಎಂದರು ಅಡುಗೆಯಮ್ಮ, “ಇದೆಲ್ಲ ನಾನ್ ಹೇಳ್ಬೇಕು ಅಂತ ಬಸ್ಸಲ್ಲಿ ಬಾಯಿಪಾಠ ಮಾಡ್ಕೊಂಡ್ ಬಂದಿದ್ದೆ. ನೀವೇ ಬರ್ದಿದ್ದೀರಲ್ಲ. ಸೈನ್ ಎಲ್ಲಿ ಹಾಕ್ಲಿ?”

ಮೊದಲು ಜೋರಾಗಿ ನಕ್ಕವರು ಕಾರ್ಯದರ್ಶಿಗಳೇ. ಅವರನ್ನು ನಾನು ಅದಕ್ಕಾಗಿಯೇ ಇಷ್ಟಪಡುತ್ತೇನೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಆಯ್ತಮ್ಮ ತಾಯಿ. ಏನ್ ಮಾಡೋಣ ಹೇಳು,” ಎಂದರು.

“ಬೆಳಿಗ್ಗೆ ಗೇಟಲ್ಲಿ ಕಾರ್ಡ್ ತೋರಿಸ್ತೀನಿ. ಗಾರ್ಡ್ ಅಣ್ಣ ನೋಡ್ಲಿ, ವಾಪಸ್ ಕೊಡ್ಲಿ. ಎಲ್ಲಾರ್ಗೂ ಹಂಗೇ ಮಾಡಿ. ತಗೊಂಡಿರೋ ಜೆರಾಕ್ಸ್ ವಾಪಸ್ ಕೊಡಿ. ನಿಮ್ ಫೋನಲ್ಲಿರೋ ಫೋಟೋನೂ ತೆಗೀರಿ.”

ಕೈಯೆತ್ತಿ ಮತ ಹಾಕಿದ್ದಾಯಿತು. ಎದುರು ಬಿದ್ದವರು ಯಾರೂ ಇರಲಿಲ್ಲ. ಫೋನಿನ ಫೋಟೋಗಳನ್ನು ಎಲ್ಲರೆದುರೇ ಅಳಿಸುತ್ತೇನೆಂದು ಕಾರ್ಯದರ್ಶಿಗಳು ಜೇಬಿನಿಂದ ಫೋನು ತೆಗೆದು ಹೆಬ್ಬೆರಳಿಟ್ಟರು. ತೆರೆಯಲಿಲ್ಲ. ಪಂಚೆಗೆ ಒರೆಸಿ ಇಟ್ಟರು. ತೆರೆಯಲಿಲ್ಲ. ಎಡಗೈ ಇಟ್ಟರು. ಅಡುಗೆಯಮ್ಮ ಬಗ್ಗಿ ಅವರ ಬೆರಳು ನೋಡಿದರು. ತುದಿ ಸುಕ್ಕುಗಟ್ಟಿತ್ತು, ಕಂದು ಹಿಡಿದಿತ್ತು.

“ಎಷ್ಟು ಕಿಲೋ ಹಿತುಕಿದ್ರಿ ಸಾರ್?”

“ಮೂರು,” ಎಂದರು ಕಾರ್ಯದರ್ಶಿಗಳು, ಬಹಳ ಮೆಲ್ಲಗೆ.

“ಸಂಕ್ರಾಂತಿ ಕಳೀತಲ್ಲ, ನಾಳೆ ನಾಡಿದ್ದು ಸರಿಹೋಗುತ್ತೆ ಬಿಡಿ. ನಂಗೂ ಹಂಗೇ.”

ಅಷ್ಟರಲ್ಲಿ ಫೋನು ನಾಲ್ಕಂಕಿಯ ಪಿನ್ ಕೇಳಿತು. ಅವರಿಗೆ ನೆನಪಾಗಲಿಲ್ಲ. ಹಿಂದಿನ ಸಾಲಿನಿಂದ ಅವರ ಮನೆಯಾಕೆ, ಸಹಾಯ ಮಾಡುವ ಒಳ್ಳೆಯ ಉದ್ದೇಶದಿಂದ, ಬೇಸ್‌ಮೆಂಟ್ ಪೂರ್ತಿ ಕೇಳುವಂತೆ ನಾಲ್ಕು ಅಂಕಿಗಳನ್ನು ಕೂಗಿ ಹೇಳಿದರು. ಅದು ಅವರ ಮದುವೆಯ ವರ್ಷ. ಫೋನು ತೆರೆಯಿತು.

“ಏಯ್, ಅದನ್ನ ಯಾಕೆ ಕೂಗ್ತೀಯೇ!”

“ಪಿನ್ ತಾನೆ ಸಾರ್, ಮನೆಗ್ ಹೋಗಿ ಚೇಂಜ್ ಮಾಡ್ಕೊಳ್ಳಿ,” ಎಂದರು ಅಡುಗೆಯಮ್ಮ. “ಬೆಳ್ಳಾದ್ರೆ ಕಷ್ಟ ಆಗ್ತಿತ್ತು.”

ಬೂಟಿನ ಮನೆಯ ಹೆಣ್ಣುಮಗಳು ಪಕ್ಕದಲ್ಲಿ ಕೂತು ಹತ್ತೊಂಬತ್ತು ಫೋಟೋಗಳನ್ನು ಅಳಿಸಿದರು. ಅಳಿಸಿದವು ಮೂವತ್ತು ದಿನ ಕೂತಿರುವ ಇನ್ನೊಂದು ಜಾಗವಿದೆಯೆಂದು ತೋರಿಸಿ ಅಲ್ಲಿಂದಲೂ ಅಳಿಸಿದರು. ಸ್ಟೀಲ್ ಡಬ್ಬಿಯಲ್ಲಿದ್ದುದು ಅವರೆಕಾಳಿನ ಉಪ್ಪಿಟ್ಟು. ಹದಿನೈದು ನಿಮಿಷದಲ್ಲಿ ಖಾಲಿಯಾಯಿತು.

ಮಧ್ಯಾಹ್ನ ಹುಡುಕಾಟ. ಕಚೇರಿಯ ಫೈಲಿನಲ್ಲಿ ಹದಿನೈದು ಪ್ರತಿಗಳಿದ್ದವು. ಕೊಟ್ಟವರು ಹತ್ತೊಂಬತ್ತು ಜನ. ಕಾರ್ಯದರ್ಶಿಗಳು, ಗಾರ್ಡ್, ನಾನು ಮೂವರೂ ಕಟ್ಟಡದಲ್ಲಿದ್ದ ಪ್ರತಿಯೊಂದು ನೋಟಿಸನ್ನೂ ತಿರುಗಿಸಿ ನೋಡುತ್ತ ನಡೆದೆವು. ಮೆಟ್ಟಿಲು ಗುಡಿಸುವವರದು ನನ್ನ ಬಳಿಯೇ ಇತ್ತು. ಟೆರೇಸಿನ ‘ಬಾಗಿಲು ಹಾಕಿಕೊಳ್ಳಿ’ಯ ಹಿಂದೆ ಕಾರು ತೊಳೆಯುವವರು ಸಿಕ್ಕಿದರು. ಪಾರಿಜಾತದ ಗಿಡಕ್ಕೆ ಕಟ್ಟಿದ್ದ ‘ಹೂ ಕೀಳಬೇಡಿ’ಯ ಹಿಂದೆ ಇಸ್ತ್ರಿಯವರಿದ್ದರು. ಮಳೆಗೆ ನೆನೆಯಬಾರದೆಂದು ಅದಕ್ಕೆ ಲ್ಯಾ‌ಮಿನೇಷನ್ ಮಾಡಿಸಲಾಗಿತ್ತು. ಒಂದು ಸಿಗಲಿಲ್ಲ.

ಸಂಜೆ ನಾನು ಇನ್ನೊಂದು ನೋಟಿಸು ಬರೆದೆ. ತಪ್ಪು ಯಾವ ಪುಟದಲ್ಲಿ ಅಚ್ಚಾಗಿತ್ತೋ ತಿದ್ದುಪಡಿಯೂ ಅದೇ ಪುಟದಲ್ಲಿ, ಅದೇ ಅಳತೆಯಲ್ಲಿ ಬರಬೇಕೆಂಬುದು ನಮ್ಮ ಮೇಜಿನ ನಿಯಮವಾಗಿತ್ತು. ಅದರಂತೆ ಎರಡು ಪ್ರತಿ ಮಾಡಿ, ಒಂದನ್ನು ಲಿಫ್ಟಿನ ಪಕ್ಕ ಸುತ್ತೋಲೆ ಇದ್ದ ಜಾಗದಲ್ಲಿ, ಇನ್ನೊಂದನ್ನು ಗಾಜಿನ ಬಾಗಿಲಿಗೆ ಅಂಟಿಸಬೇಕೆಂದೆ. ಮೆಟ್ಟಿಲು ಗುಡಿಸುವವರ ಕ್ಷಮೆ ಕೋರುವ ಸಾಲು ಮೊದಲಿಗೆ, ಹಳೆಯ ಸುತ್ತೋಲೆ ರದ್ದು ಎಂಬ ಸಾಲು ಅದರ ಕೆಳಗೆ. ಎರಡೂ ಬದಿ ಖಾಲಿ ಇರುವ ಹೊಸ ಹಾಳೆ ಬೇಕೆಂದಾಗ ಕಾರ್ಯದರ್ಶಿಗಳು ಬೀರು ತೆಗೆದು, ಕಟ್ಟಿನಿಂದ ಎರಡು ಹಾಳೆ ಎಳೆದು, ಕೊಡುವ ಮುನ್ನ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡರು.

“ಹಿಂದೆ ಪೂರ್ತಿ ಖಾಲಿ ಹೋಗುತ್ತಲ್ಲ ಸಾರ್.”

“ಹೋಗಲಿ ಸಾರ್.”

“ಆಮೇಲೆ ತೆಗೆದಾಗ ನಂಗೇ ಕೊಡಿ.”

ಹದಿನೆಂಟು ಪ್ರತಿಗಳನ್ನು ಅವರವರಿಗೆ ವಾಪಸು ಕೊಟ್ಟು ಸಹಿ ಪಡೆಯಲಾಗಿದೆ. ಇಸ್ತ್ರಿಯವರು ಲ್ಯಾಮಿನೇಷನ್ ಸಮೇತ ಇಟ್ಟುಕೊಂಡರು. ಹೆಬ್ಬೆರಳಿನ ಯಂತ್ರದ ವೈರು ತೆಗೆದು ಡಬ್ಬಕ್ಕೆ ಹಾಕಲಾಗಿದೆ. ಅದರೊಳಗಿನ ಬೆರಳಚ್ಚುಗಳನ್ನು ಅಳಿಸಿಕೊಡಲು ಬರುತ್ತೇನೆಂದ ಕಂಪನಿಯವರು ಎರಡು ಸಲ ದಿನ ಕೊಟ್ಟು ಬಂದಿಲ್ಲ. ಹತ್ತೊಂಬತ್ತನೆಯ ಪ್ರತಿ ಗಾರ್ಡ್ ಅವರದು. ಅದು ಇನ್ನೂ ಸಿಕ್ಕಿಲ್ಲ. ಅವರು ದಿನಾ ಒಂದು ಸುತ್ತು ನೋಟಿಸುಗಳನ್ನು ತಿರುಗಿಸಿ ನೋಡಿ ಬರುತ್ತಾರೆ.

ಇಂದು ಬೆಳಿಗ್ಗೆ ಏಳೂಕಾಲಿಗೆ ಅಡುಗೆಯಮ್ಮ ಗೇಟಿನಲ್ಲಿ ಕಾರ್ಡು ತೋರಿಸಿದರು. ಗಾರ್ಡ್ ನೋಡಿ ವಾಪಸು ಕೊಟ್ಟರು.